ಕನ್ನಡಿ ಮೇಸ್ತ್ರಿಯ ನೆಲ

ಬೀದಿಯ ಕೊನೆಯ ಆ ಮನೆಗೆ ಮೊದಲ ಸಲ ಬಂದವರು ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತುಬಿಡುತ್ತಿದ್ದರು. ಒಳಗೆ ನೀರು ಚೆಲ್ಲಿದೆಯೇನೋ ಎಂಬ ಅನುಮಾನ. ನೀರೂ ಇಲ್ಲ, ಗೀರೂ ಇಲ್ಲ, ಎಲ್ಲ ಬರೀ ಹೊಳಪು. ಮೇಲೆ ಉರಿಯುವ ಬಲ್ಬು ನೆಲದೊಳಗೆ ಇನ್ನೊಂದು ಸಲ ಉರಿಯುತ್ತಿತ್ತು. ಕಿಟಕಿಯ ಸರಳುಗಳನ್ನು ತಲೆ ಎತ್ತದೆ ನೆಲ ನೋಡಿಕೊಂಡೇ ಎಣಿಸಬಹುದಿತ್ತು.

ಆ ಮನೆಯ ಯಜಮಾನ ಮೊಸಾಯಿಕ್ ನೆಲ ಹಾಕಿ ಪಾಲಿಶ್ ಮಾಡುವ ಕಸುಬಿನವನು. ಜೊತೆಗಾರರು ಅವನಿಗೆ ಕನ್ನಡಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಮೊದಲು ಲೇವಡಿಗೆ ಇಟ್ಟದ್ದು, ಆಮೇಲೆ ಅದೇ ನಿಂತಿತು. ಊರಿನ ದೊಡ್ಡಾಸ್ಪತ್ರೆ, ಎರಡು ಬ್ಯಾಂಕು, ಒಂದು ಸಿನಿಮಾ ಟಾಕೀಸು, ಎಲ್ಲದರ ನೆಲವೂ ಅವನ ಕೈಯಲ್ಲಿ ಹೊಳೆದದ್ದೇ. ಅವೆಲ್ಲ ಹೊಟ್ಟೆಪಾಡು. ಈ ಮನೆಯ ನೆಲ ಮಾತ್ರ ಹೆಂಡತಿಗಾಗಿ ಮಾಡಿದ್ದು. ಕೆಲಸದ ಜಾಗಗಳಲ್ಲಿ ಮಿಕ್ಕ ಕಲ್ಲಿನ ಚೂರುಗಳನ್ನು ಊಟದ ಡಬ್ಬಿಯಲ್ಲಿ ತುಂಬಿಕೊಂಡು ತರುತ್ತಿದ್ದ. ಅವಳು ಅವನ್ನು ತೊಳೆದು ಬಿಳಿ, ಕಪ್ಪು, ಕೆಂಪು, ಹಸಿರು ಎಂದು ತಟ್ಟೆಗಳಲ್ಲಿ ಬೇರೆ ಮಾಡುತ್ತಿದ್ದಳು. ರಜೆಯ ದಿನಗಳಲ್ಲೆಲ್ಲ ಇಬ್ಬರೂ ಮೊಣಕಾಲೂರಿ ಒಂದೊಂದೇ ಅಂಗೈ ಅಗಲದಷ್ಟು ಮುಂದೆ ಹೋದರು. ಪಾಲಿಶ್ ಮಷಿನ್ನು ತಲುಪದ ಮೂಲೆಗಳನ್ನು ಅವನು ಕೈಯಲ್ಲೇ ಉಜ್ಜಿದ. ಕೊನೆಗೆ ಮೇಣ ಹಾಕಿ ಒರೆಸಿದ ದಿನ ಅವಳು ಲೈಟು ಹಾಕಿ, ಕೆಳಗೆ ಬಗ್ಗಿ ನೋಡಿ, "ಅಯ್ಯೋ, ಬಲ್ಬಿನ ಮೇಲಿರೋ ಅಕ್ಷರ ಕೂಡ ಓದಬಹುದಲ್ರೀ!" ಅಂದಳು. ಅದೊಂದು ಮಾತಿಗೆ ಮೇಸ್ತ್ರಿ ಎಷ್ಟೋ ವರ್ಷ ಎದೆಯುಬ್ಬಿಸಿಕೊಂಡು ಓಡಾಡಿದ.

ಡುಮ್ಮಿಯನ್ನೂ ಅವನು ಕೆಲಸದ ಜಾಗದಿಂದಲೇ ತಂದದ್ದು. ಖಾಲಿ ಮೇಣದ ಡಬ್ಬದೊಳಗೆ ನಾಯಿಮರಿಯೊಂದು ಇಳಿದು, ಹೊಟ್ಟೆ ದಪ್ಪವಾಗಿದ್ದರಿಂದ ಹೊರಗೆ ಬರಲಾಗದೆ ಕುಂಯ್‌ಗುಡುತ್ತಿತ್ತು. ಅವನು ಡಬ್ಬದ ಸಮೇತ ಮನೆಗೆ ತಂದ. ಮಕ್ಕಳಿಲ್ಲದ ಮನೆ. ಹೆಂಡತಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತವಳು ಸಾಯಂಕಾಲದವರೆಗೂ ಏಳಲಿಲ್ಲ. ದೊಡ್ಡದಾದ ಮೇಲೆ ಡುಮ್ಮಿ ಅವನ ಜೊತೆ ಕೆಲಸಕ್ಕೂ ಹೋಗುತ್ತಿತ್ತು. ಕಿವಿ ಹರಿದುಹೋಗುವಂಥ ಮಷಿನ್ ಸದ್ದಿನ ಪಕ್ಕದಲ್ಲೇ ಕಾಲು ಚಾಚಿ ಗೊರಕೆ ಹೊಡೆಯುವುದರಲ್ಲಿ ಅದರದು ಎತ್ತಿದ ಕೈ.

ವಯಸ್ಸು ಎಲ್ಲರಿಗೂ ಒಟ್ಟಿಗೇ ಬಂತು. ಮೇಸ್ತ್ರಿ ಕೆಲಸ ಬಿಟ್ಟ. ಮಷಿನ್ನು ಹಿತ್ತಲ ಮಾಡಿನಡಿಯಲ್ಲಿ ತಾಡಪಾಲು ಹೊದ್ದು ಕೂತಿತು. ಹೆಂಡತಿ ಕಾಯಿಲೆ ಬಿದ್ದು ಬಡವಾದಳು. ಕೊನೆಕೊನೆಗೆ ಗೋಡೆಗೆ ಕೈಯೂರಿಕೊಂಡೇ ನಡೆಯುತ್ತಿದ್ದಳು. ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ. ಗೋಡೆಯ ಮೇಲೆ ಅಂಗೈ ಗುರುತು ಸಾಲಾಗಿ ಮೂಡಿದ್ದು ನೋಡಿ ಮೇಸ್ತ್ರಿ ತಮಾಷೆ ಮಾಡುತ್ತಿದ್ದ:

"ಏನೇ, ನಿನ್ನ ಕೈ ಹಿಡಿದಿದ್ದು ನಾನೋ, ಈ ಗೋಡೇನೋ?"

ಅವಳು ನಗುತ್ತಿದ್ದಳು. ಗೋಡೆ ಮಾತ್ರ ಬಿಡುತ್ತಿರಲಿಲ್ಲ.

ಅವಳು ಹೋದದ್ದು ದೊಡ್ಡಾಸ್ಪತ್ರೆಯಲ್ಲಿ. ಡಾಕ್ಟರು ಬಂದು ಭುಜದ ಮೇಲೆ ಕೈಯಿಟ್ಟಾಗ ಮೇಸ್ತ್ರಿ ತಲೆ ಬಗ್ಗಿಸಿ ನೆಲ ನೋಡುತ್ತಿದ್ದ. ಅವನೇ ಪಾಲಿಶ್ ಮಾಡಿದ ನೆಲ. ಈ ಮೂಲೆಗೆ ಇನ್ನೊಂದು ಸುತ್ತು ಬೀಳಬೇಕಿತ್ತು ಎಂದು ಯೋಚಿಸುತ್ತಿದ್ದ. ಬೇರೆ ಏನನ್ನಾದರೂ ಯೋಚಿಸಿದರೆ ಅಲ್ಲೇ ಕುಸಿದುಬಿಡುತ್ತಿದ್ದನೇನೋ.

ಮನೆಯಲ್ಲಿ ಎರಡು ಜೀವ ಉಳಿದವು. ಮೇಸ್ತ್ರಿ ಎದ್ದು ಚಹಾ ಕಾಯಿಸುವಾಗ ಎರಡು ಲೋಟಕ್ಕೆ ನೀರಿಡುವುದು, ಆಮೇಲೆ ನೆನಪಾಗಿ ಅರ್ಧ ಚೆಲ್ಲುವುದು. ಮಾತಾಡಬೇಕೆನಿಸಿದರೆ ಡುಮ್ಮಿಯ ಜೊತೆ ಮಾತಾಡುವುದು. ಅದು ಒಳಕೋಣೆಯಲ್ಲಿ ಅವಳ ಮಂಚದ ಬುಡದಲ್ಲಿ ಮಲಗಿದರೆ ಮಲಗಿತು. ಊಟಕ್ಕೆ ಕರೆದರೆ ಬಾಲ ಆಡಿಸುತ್ತಿತ್ತು, ಏಳುತ್ತಿರಲಿಲ್ಲ. ತೀರಾ ಹಸಿವಾದರೆ ಗೋಡೆಗೆ ಮೈ ಒತ್ತಿಕೊಂಡು, ಗೋಡೆ ಸವರಿಕೊಂಡೇ ಬರುತ್ತಿತ್ತು.

"ಅವಳಿಲ್ಲದ ಮನೇಲಿ ಓಡಾಡೋಕೆ ನಿನಗೂ ಮನಸ್ಸಿಲ್ಲ ಅಲ್ವಾ?" ಎಂದು ಮೇಸ್ತ್ರಿ ಅದರ ಕಿವಿ ನೀವುತ್ತಿದ್ದ. ತನ್ನ ದುಃಖಕ್ಕೆ ಒಬ್ಬರು ಜೊತೆ ಸಿಕ್ಕರಲ್ಲ ಎಂಬ ಸಮಾಧಾನ ಅವನಿಗೆ. ನಾಯಿಗೆ ಆಗಿದ್ದೇನು ಎಂದು ಕೇಳುವ ಗೋಜಿಗೆ ಹೋಗಲಿಲ್ಲ.

ಒಂದು ಬೆಳಿಗ್ಗೆ ಅದು ನಡುಮನೆಯಲ್ಲಿ ಜಾರಿತು. ಹಿಂಗಾಲು ಎರಡೂ ಕಪ್ಪೆಯ ಹಾಗೆ ಅಗಲವಾಗಿ ಚಾಚಿಕೊಂಡವು. ಎತ್ತಿ ನಿಲ್ಲಿಸಿದರೆ ಮತ್ತೆ ಜಾರಿತು. ಮೇಸ್ತ್ರಿ ಬಗ್ಗಿ, ಕಣ್ಣು ಕಿರಿದು ಮಾಡಿ ಬೆಳಕಿಗೆ ಅಡ್ಡವಾಗಿ ನೆಲ ಪರೀಕ್ಷಿಸಿದ. ಅಲ್ಲಲ್ಲಿ ಜೊಲ್ಲು ಬಿದ್ದು ಮಂಕಾಗಿತ್ತು. ನೆಲ ಕೆಟ್ಟಿದೆ, ಅದಕ್ಕೇ ಹೀಗೆ ಎಂದುಕೊಂಡ. ಹೊಸ ಡಬ್ಬ ಒಡೆದು, ಸೊಂಟ ನೋವನ್ನೂ ಲೆಕ್ಕಿಸದೆ ಇಡೀ ಮನೆಗೆ ಮೇಣ ಹಾಕಿ ತಿಕ್ಕಿದ. ಅಯ್ಯೋ ಪುಣ್ಯಾತ್ಮ! ಸಾರು ಯಾಕೆ ಕೆಟ್ಟರೂ ಕೆಲವರ ಕೈ ಉಪ್ಪಿನ ಡಬ್ಬಿಗೇ ಹೋಗುತ್ತದಲ್ಲ, ಹಾಗೆ ಇವನ ಕೈ ಮೇಣಕ್ಕೆ ಹೋಯಿತು. ನೆಲ ಫಳಫಳ ಹೊಳೆಯಿತು. ಡುಮ್ಮಿ ಅಂದಿನಿಂದ ತಾನಾಗಿ ಏಳುವುದನ್ನೇ ಬಿಟ್ಟಿತು.

ಆಮೇಲೆ ಟವೆಲ್ಲಿನ ಕೆಲಸ ಶುರುವಾಯಿತು. ಅವಳ ಸ್ನಾನದ ಟವೆಲ್ಲನ್ನು ಮಡಚಿ ಡುಮ್ಮಿಯ ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ತೂರಿಸಿ, ಎರಡೂ ತುದಿ ಹಿಡಿದು ಎತ್ತುವುದು. ಮುಂಗಾಲಲ್ಲಿ ಅದು, ಹಿಂದೆ ಬಗ್ಗಿಕೊಂಡು ಇವನು, ಇಬ್ಬರೂ ಸೇರಿ ಹಿತ್ತಲಿನವರೆಗೆ ಹೋಗಿಬರುವುದು. ತಟ್ಟೆಗೆ ಬಗ್ಗಲಾರದೆಂದು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಅನ್ನ ಇಡುವುದು. ಮಗ್ಗುಲು ಬದಲಿಸುವುದು. ಒದ್ದೆಯಾದ ಗೋಣಿ ತೆಗೆದು ಒಣಗಿದ್ದು ಹಾಸುವುದು. ಬೇಸರವೇನೂ ಇರಲಿಲ್ಲ ಅವನಿಗೆ. ಆದರೆ ಕತ್ತಲಾಗುವ ಹೊತ್ತಿಗೆ ಬೆನ್ನು ಬೆನ್ನಾಗಿ ಉಳಿಯುತ್ತಿರಲಿಲ್ಲ.

ಅವನ ಮನೆ ಬಾಗಿಲು ತಟ್ಟುತ್ತಿದ್ದವಳು ಒಬ್ಬಳೇ, ನಾದಿನಿ. ಹೆಂಡತಿಯ ತಂಗಿ. ಕತ್ತರಿಯಂಥ ನಾಲಿಗೆ, ಬೆಣ್ಣೆಯಂಥ ಮನಸ್ಸು. ಬಂದಾಗಲೆಲ್ಲ ಒಂದು ಕೈಯಲ್ಲಿ ಊಟದ ಕ್ಯಾರಿಯರ್ರು, ಇನ್ನೊಂದು ಕೈಯಲ್ಲಿ ಬಾಗಿಲ ಚೌಕಟ್ಟು. "ನಿಮ್ಮನೆಗೆ ಬರೋದಂದ್ರೆ ಸರ್ಕಸ್ಸಿಗೆ ಸೇರಿದ ಹಾಗೆ ಭಾವ" ಅನ್ನುತ್ತಿದ್ದಳು. ಮೇಸ್ತ್ರಿ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

"ಭಾವ, ಇದನ್ನ ಎತ್ತೀ ಎತ್ತೀ ಒಂದಿನ ನೀವೂ ಮಲಗ್ತೀರ" ಅಂದಳು ಅವಳು, ಟವೆಲ್ಲಿನ ಮೆರವಣಿಗೆ ನೋಡಿ. "ಅದಕ್ಕೂ ಹಿಂಸೆ, ನಿಮಗೂ ಹಿಂಸೆ. ಡಾಕ್ಟರನ್ನ ಮನೆಗೇ ಕರೆಸೋಣ. ಒಂದು ಇಂಜೆಕ್ಷನ್ನು, ನಿದ್ದೆ ಬಂದ ಹಾಗೆ ಹೋಗುತ್ತೆ."

"ಹೋಗುತ್ತೆ, ಸರಿ. ಆಮೇಲೆ?"

"ಆಮೇಲೇನು?"

"ಆಮೇಲೆ ಈ ಮನೇಲಿ ನಾನು ಯಾರ ಹತ್ರ ಮಾತಾಡ್ಲಿ?"

ನಾದಿನಿ ಖಾಲಿ ಕ್ಯಾರಿಯರ್ರನ್ನು ತೊಳೆದದ್ದೇ ತೊಳೆದಳು.

ಆದರೂ ಅವನು ಒಪ್ಪುವ ದಿನ ಬಂತು. ಅಂಗಡಿಗೆ ಹೋದವನು ಸಾಲಿನಲ್ಲಿ ನಿಂತು ತಡವಾಗಿ ಬಂದ. ಡುಮ್ಮಿ ತನ್ನದೇ ಉಚ್ಚೆಯಲ್ಲಿ ಮಲಗಿತ್ತು. ಪಕ್ಕಕ್ಕೆ ಸರಿಯಲೆಂದು ಎಷ್ಟು ಒದ್ದಾಡಿತ್ತೋ, ಮುಂಗಾಲಿನ ಉಗುರುಗಳ ಸುತ್ತ ರಕ್ತ. ಇವನನ್ನು ಕಂಡು ಬಾಲ ಆಡಿಸಲಿಲ್ಲ, ಮುಖ ತಿರುಗಿಸಿಕೊಂಡಿತು. ಅದಕ್ಕೆ ನಾಚಿಕೆಯಾಗಿದೆ ಎಂದು ಮೇಸ್ತ್ರಿಗೆ ಅರ್ಥವಾಯಿತು. ಅವನು ಅದನ್ನು ತೊಳೆದು, ಒರೆಸಿ, ನಾದಿನಿಗೆ ಫೋನು ಮಾಡಿ, "ಕರೆಸಮ್ಮ" ಅಂದ. ಅಷ್ಟೇ ಅಂದು ಇಟ್ಟುಬಿಟ್ಟ.

ಡಾಕ್ಟರು ಹೆಂಗಸು, ಚುರುಕಾದವಳು. ಬಾಗಿಲಲ್ಲಿ ಶೂ ಬಿಚ್ಚಿಟ್ಟು, ಕಾಲುಚೀಲದಲ್ಲೇ ಸರಸರ ಒಳಗೆ ಬಂದಳು. ಎರಡನೇ ಹೆಜ್ಜೆಗೆ ಕಾಲು ಅವಳ ಮಾತು ಕೇಳಲಿಲ್ಲ. ಬ್ಯಾಗು ಒಂದು ಕಡೆ, ಅವಳು ಒಂದು ಕಡೆ. ನಾದಿನಿ ತೋಳು ಹಿಡಿಯದಿದ್ದರೆ ಮನೆಯಲ್ಲಿ ರೋಗಿಗಳು ಇಬ್ಬರಾಗುತ್ತಿದ್ದರು.

"ನಿಧಾನ ಡಾಕ್ಟ್ರಮ್ಮ, ಹೊಸಾ ಮೇಣ" ಅಂದ ಮೇಸ್ತ್ರಿ. ಅಂಥ ಹೊತ್ತಿನಲ್ಲೂ ದನಿಯಲ್ಲಿ ಒಂದು ಚೂರು ಜಂಬ ಇತ್ತು, ಸುಳ್ಳು ಯಾಕೆ ಹೇಳಬೇಕು.

ಅವಳು ನೆಲ ನೋಡಿದಳು. ಮಂಚದ ಬುಡದಲ್ಲಿದ್ದ ಡುಮ್ಮಿಯನ್ನು ನೋಡಿದಳು. "ನಾಯಿ ಇದರ ಮೇಲೇ ಇರುತ್ತಾ?"

"ಇಲ್ಲೇ ಹುಟ್ಟಿ ಬೆಳೆದ ಹಾಗೆ ಡಾಕ್ಟ್ರಮ್ಮ."

ಅವಳು ಬ್ಯಾಗು ಬಿಚ್ಚಲಿಲ್ಲ. "ಹಿತ್ತಲು ಇದೆಯಾ? ಒಂದ್ಸಲ ಅಲ್ಲಿಗೆ ಕರ್ಕೊಂಡು ಬನ್ನಿ."

ಹಿತ್ತಲಲ್ಲಿ ಒರಟು ಕಲ್ಲುಚಪ್ಪಡಿ. ಮೇಸ್ತ್ರಿ ದಿನವೂ ಟವೆಲ್ಲಿನಲ್ಲಿ ಎತ್ತಿ ತಂದು, ಟವೆಲ್ಲಿನಲ್ಲೇ ಹಿಡಿದುಕೊಂಡು, ಕೆಲಸ ಮುಗಿದ ಕೂಡಲೇ ಟವೆಲ್ಲಿನಲ್ಲೇ ಒಳಗೆ ತರುತ್ತಿದ್ದ. ಕೈಬಿಟ್ಟು ನೋಡಿರಲೇ ಇಲ್ಲ.

"ಕೆಳಗೆ ಬಿಡಿ. ಟವೆಲ್ ತೆಗೀರಿ. ಹಿಂದಕ್ಕೆ ಬನ್ನಿ."

"ಬೀಳುತ್ತೆ..."

"ನೀವು ಬನ್ನಿ."

ಡುಮ್ಮಿ ಮೂಗು ಎತ್ತಿ ಗಾಳಿ ಮೂಸಿತು. ಹಿಂಗಾಲು ಒತ್ತಿತು, ನಡುಗಿತು, ಕೂತಿತು. ಮತ್ತೆ ಒತ್ತಿತು. ಉಗುರು ಕಲ್ಲಿಗೆ ಕಚ್ಚಿಕೊಂಡ ಸದ್ದು ಕರ್ ಎಂದು ಕೇಳಿಸಿತು. ಆಮೇಲೆ ಅದು ಎದ್ದು ನಿಂತಿತ್ತು. ಕುಂಟುತ್ತ ನಲ್ಲಿಯ ಹತ್ತಿರ ಹೋಗಿ, ಕೆಳಗೆ ತೊಟ್ಟಿಕ್ಕುತ್ತಿದ್ದ ನೀರು ನೆಕ್ಕಿತು. ಮೇಸ್ತ್ರಿಗೆ ಹೋದ ಜೀವ ಬಂದ ಹಾಗಾಯಿತು.

"ಕೀಲು ಸವೆದಿದೆ, ಅದು ವಯಸ್ಸು" ಅಂದಳು ಡಾಕ್ಟರು. "ನೋವಿಗೆ ಮಾತ್ರೆ ಕೊಡ್ತೀನಿ. ಆದ್ರೆ ಅರ್ಧ ತೊಂದರೆ ಕಾಲಿಂದು, ಇನ್ನರ್ಧ ನಿಮ್ಮ ನೆಲದ್ದು. ಹಿಡಿತ ಸಿಗದ ಕಡೆ ಎಷ್ಟು ಸಲ ಅಂತ ಬೀಳುತ್ತೆ ಪಾಪ? ಹೆದರಿ ಏಳೋದನ್ನೇ ಬಿಟ್ಟಿದೆ. ಅಂಗಾಲಿನ ಸಂದೀಲಿ ಬೆಳೆದಿರೋ ಕೂದಲು ಕತ್ತರಿಸಿ. ಓಡಾಡೋ ಕಡೆಯೆಲ್ಲ ಜಾರದ ಮ್ಯಾಟು ಹಾಸಿ." ಬ್ಯಾಗು ಎತ್ತಿಕೊಂಡು ಸ್ವಲ್ಪ ನಿಂತಳು. "ಆದ್ರೆ ಹುಷಾರು. ಇನ್ನೊಂದ್ಸಲ ಕಾಲು ಅಗಲವಾಗಿ ಬಿದ್ದು ಸೊಂಟಕ್ಕೆ ಪೆಟ್ಟಾದ್ರೆ, ಆಗ ನಾನು ಬಂದ ಕೆಲಸಾನೇ ಮಾಡ್ಬೇಕಾಗುತ್ತೆ."

ಮೇಸ್ತ್ರಿಗೆ ಖುಷಿಯೂ ಆಯಿತು, ಉರಿಯೂ ಹತ್ತಿತು. ಇಷ್ಟು ವರ್ಷದ ಕಸುಬಿನಲ್ಲಿ ಅವನ ನೆಲಕ್ಕೆ ಯಾರೂ ಬೆರಳು ತೋರಿಸಿರಲಿಲ್ಲ. ಮ್ಯಾಟು ತಂದ, ಹಾಸಿದ. ಆದರೆ ಹಾಸಿದ್ದು ಹೇಗೆ? ಮಂಚದಿಂದ ಅಡುಗೆಮನೆಗೆ ಒಂದು ಪಟ್ಟಿ, ಅಡುಗೆಮನೆಯಿಂದ ಹಿತ್ತಲಿಗೆ ಒಂದು ಪಟ್ಟಿ. ನಡುಮನೆಯಲ್ಲಿ ಕಿಟಕಿಯ ಬೆಳಕು ಬೀಳುವ ಜಾಗವನ್ನು ಹಾಗೇ ಬಿಟ್ಟ. ಅಲ್ಲಿ ಹೆಂಡತಿ ಕೆಂಪು ಚೂರುಗಳನ್ನು ಹೂವಿನ ಹಾಗೆ ಜೋಡಿಸಿದ್ದಳು. ಅದನ್ನು ಮುಚ್ಚಲು ಕೈ ಬರಲಿಲ್ಲ. ಅವನು ಧಾರಾಳವಾಗಿ ಬಳಿದ ಮೇಣದ ಮೇಲೆ ಮ್ಯಾಟುಗಳೂ ದೋಣಿಯ ಹಾಗೆ ಸರಿದಾಡುತ್ತಿದ್ದವು. ಅಂಚಿಗೆ ಟೇಪು ಅಂಟಿಸಿದ. ಡುಮ್ಮಿ ಆ ಪಟ್ಟಿಯ ಮೇಲೆ ನಾಲ್ಕು ಹೆಜ್ಜೆ ಇಡತೊಡಗಿತು. ಮೇಸ್ತ್ರಿ ಅಷ್ಟಕ್ಕೇ ಎಲ್ಲ ಸರಿಹೋಯಿತೆಂದುಕೊಂಡ.

ಒಂದು ಮಧ್ಯಾಹ್ನ ಬೀದಿಯ ಗೇಟು ಕಿರ್ ಎಂದಿತು. ಹೆಂಡತಿ ಅಂಗಡಿಯಿಂದ ಬಂದಾಗ ಅದು ಹಾಗೇ ಕಿರುಗುಟ್ಟುತ್ತಿತ್ತು. ಡುಮ್ಮಿ ತಲೆ ಎತ್ತಿತು. ವಯಸ್ಸು, ನೋವು, ಪಟ್ಟಿ ಎಲ್ಲ ಮರೆತು, ನೇರ ಬಾಗಿಲ ಕಡೆಗೆ ಬರಿನೆಲದ ಮೇಲೆ ಹೊರಟಿತು. ಮೇಸ್ತ್ರಿಯೂ ಬಾಗಿಲ ಕಡೆಗೇ ನೋಡಿದ. ಯಾರೂ ಇರಲಿಲ್ಲ, ಗಾಳಿ. ಅಷ್ಟರಲ್ಲಿ ಹಿಂಗಾಲು ಜಾರತೊಡಗಿತ್ತು. ಅವನು ಇದ್ದಲ್ಲಿಂದ ಹಾರಿಬಿದ್ದು ಅದರ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ತನ್ನ ಮೊಣಕಾಲು ನೆಲಕ್ಕೆ ಬಡಿದದ್ದು ಗೊತ್ತಾದದ್ದು ಆಮೇಲೆ.

ಇಬ್ಬರೂ ಹಾಗೇ ಬಿದ್ದಿದ್ದರು. ಮೇಸ್ತ್ರಿಯ ಕೆನ್ನೆ ನೆಲಕ್ಕೆ ಒತ್ತಿಕೊಂಡಿತ್ತು. ಕಣ್ಣೆದುರಿಗೆ ಡುಮ್ಮಿಯ ಮುಂಗಾಲು ಪರಪರ ಕೆರೆಯುತ್ತಿತ್ತು, ಒಂದಾದರೂ ಉಗುರು ಎಲ್ಲಾದರೂ ಸಿಕ್ಕಿಕೊಳ್ಳಲಿ ಎಂದು. ನೆಲದ ಮೇಲೆ ಒಂದು ಗೀರೂ ಬೀಳಲಿಲ್ಲ. ಗೀರು ಬೀಳದ ನೆಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಅವನೇ. ಅದರ ಎದೆ ಅವನ ತೋಳಿನಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು.

"ಆಯ್ತು ಕಣೇ, ಆಯ್ತು. ಇನ್ನು ಬೇಡ" ಅಂದ.

ಮರುದಿನ ಡುಮ್ಮಿಯನ್ನು ಹಿತ್ತಲಲ್ಲಿ ಗೋಣಿಯ ಮೇಲೆ ಮಲಗಿಸಿ, ಮಷಿನ್ನಿನ ತಾಡಪಾಲು ಎಳೆದ. ಮೊದಲು ಬಿಸಿನೀರು, ಸೋಡಾ ಹಾಕಿ ಮೇಣವೆಲ್ಲ ಕೆರೆದ, ಇಲ್ಲದಿದ್ದರೆ ಅದು ಉಜ್ಜುವ ಕಲ್ಲಿಗೇ ಮೆತ್ತಿಕೊಳ್ಳುತ್ತದೆ. ಆ ಕಸುಬಿನಲ್ಲಿ ಒರಟು ಕಲ್ಲಿನಿಂದ ಶುರುಮಾಡಿ, ನಯವಾದ ಕಲ್ಲುಗಳಿಗೆ ಏರುತ್ತ ಹೋಗಿ, ಹೊಳಪಿನಲ್ಲಿ ಮುಗಿಸುವುದು. ಮೇಸ್ತ್ರಿ ಮಷಿನ್ನಿಗೆ ಎಲ್ಲಕ್ಕಿಂತ ಒರಟಾದ ಕಲ್ಲು ಕಟ್ಟಿದ, ಅಲ್ಲಿಗೇ ನಿಲ್ಲಿಸಲೆಂದು. ಮಷಿನ್ನು ಗುಡುಗಿತು. ಹಿತ್ತಲಲ್ಲಿ ಡುಮ್ಮಿ ಕಿವಿ ನಿಮಿರಿಸಿ, ಹಳೆಯ ಸದ್ದು ಗುರುತು ಹಿಡಿದು, ಕಾಲು ಚಾಚಿ ನಿದ್ದೆ ಹೋಯಿತು. ಒಳಗೆ ಬೂದುಬಣ್ಣದ ರಾಡಿ ಹರಿಯತೊಡಗಿತು. ಕಿಟಕಿಯ ಸರಳುಗಳು ನೆಲದಿಂದ ಒಂದೊಂದಾಗಿ ಅಳಿಸಿಹೋದವು. ಕೆಂಪು ಹೂವಿನ ಹತ್ತಿರ ಬಂದಾಗ ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಕೈಗೆ ಕೆಲಸ ಗೊತ್ತಿತ್ತು, ಅದು ಮಾಡಿತು.

ಅಷ್ಟೊತ್ತಿಗೆ ನಾದಿನಿ ಬಂದಳು. ಕ್ಯಾರಿಯರ್ರು ಕೈಯಿಂದ ಬೀಳುವುದೊಂದು ಬಾಕಿ.

"ಭಾವಾ! ತಲೆ ಗಿಲೆ ಕೆಟ್ಟಿದೆಯಾ ನಿಮಗೆ? ಅಕ್ಕನ ನೆಲ ಅದು!"

ಮೇಸ್ತ್ರಿ ಮಷಿನ್ನು ಆರಿಸಿದ. "ಅಕ್ಕನ ನೆಲವೇ ಕಣಮ್ಮ. ಹೊರಗೆ ಮಲಗಿರೋದು ಅಕ್ಕನ ನಾಯಿ. ಎರಡೂ ಒಟ್ಟಿಗೆ ಉಳಿಯಲ್ಲ."

ಅವಳು ಹೊಸ್ತಿಲ ಮೇಲೆ ಕೂತು ಒಂದಿಷ್ಟು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಪೊರಕೆ ತಗೊಂಡು ರಾಡಿ ನೂಕಲು ನಿಂತಳು.

ಸಂಜೆಯ ಹೊತ್ತಿಗೆ ನೆಲ ಆರಿತು. ಲೈಟು ಹಾಕಿದರೆ ಬಲ್ಬು ಮೇಲೆ ಮಾತ್ರ ಉರಿಯಿತು. ಕೆಳಗೆ ಏನೂ ಇಲ್ಲ, ಹಳೇ ಸ್ಲೇಟಿನ ಹಾಗೆ ಮಂಕು. ಮೇಸ್ತ್ರಿ ಸುಮ್ಮನಿರಲಾರದೆ ಒದ್ದೆಬಟ್ಟೆ ತಗೊಂಡು ಗೋಡೆಗೆ ಸಿಡಿದ ರಾಡಿ ಒರೆಸಲು ಕೂತ.

ಒರೆಸುತ್ತ ಕಣ್ಣಿಗೆ ಬಿತ್ತು. ಗೋಡೆಯ ಕೆಳಗೆ, ನಾಯಿಯ ಸೊಂಟದ ಎತ್ತರಕ್ಕೆ, ಡುಮ್ಮಿ ಮೈ ಒರೆಸಿಕೊಂಡು ನಡೆದ ಕಂದು ಗೆರೆ. ಅದು ಮಂಚದಿಂದ ಹೊರಟು, ಬೀರುವಿನ ಪಕ್ಕ ಹಾದು, ಅಡುಗೆಮನೆಯ ಬಾಗಿಲು ಸುತ್ತಿ ಹೋಗಿತ್ತು. ಅದರ ಮೇಲೆ, ಮನುಷ್ಯರ ಕೈ ಎತ್ತರಕ್ಕೆ, ಅವಳ ಅಂಗೈ ಗುರುತುಗಳು. ಅವೂ ಮಂಚದಿಂದ ಹೊರಟಿದ್ದವು. ಬೀರುವಿನ ಪಕ್ಕ, ಅಡುಗೆಮನೆಯ ಬಾಗಿಲು, ಬಚ್ಚಲು. ಎರಡೂ ಒಂದೇ ದಾರಿ. ಎರಡೂ ನಡುಮನೆಯ ಬಯಲಿಗೆ ಇಳಿದಿರಲಿಲ್ಲ. ನಾಯಿಯದು ವಯಸ್ಸು, ಅವಳದು ಕಾಯಿಲೆ ಎಂದು ಇಷ್ಟು ದಿನ ಬೇರೆ ಬೇರೆ ಅಂದುಕೊಂಡಿದ್ದ.

ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

"ನಿಮ್ಮಕ್ಕ ಈ ನೆಲದ ಮೇಲೆ ಬಿದ್ದಿದ್ಲಾ?"

ನಾದಿನಿ ಪೊರಕೆ ತೊಳೆಯುತ್ತಿದ್ದಳು. "ಈಗ ಯಾಕೆ ಭಾವ ಅದೆಲ್ಲ."

"ಬಿದ್ದಿದ್ಲಾ?"

"ಒಂದೆರಡು ಸಲ. ಬಚ್ಚಲ ಹತ್ರ. ಒಂದ್ಸಲ ಕಿಟಕಿ ಹತ್ರ." ಅವಳು ತಿರುಗಿ ನೋಡಲಿಲ್ಲ. "ನಿಮಗೆ ಹೇಳಿದ್ರೆ ನನ್ನ ಮೇಲಾಣೆ ಅಂದಿದ್ಲು. 'ಡಬ್ಬೀಲಿ ಹೊತ್ತು ತಂದು ಹಾಕಿದಾರೆ ಕಣೇ, ಯಾವ ಬಾಯಲ್ಲಿ ಹೇಳ್ಲಿ' ಅಂತಿದ್ಲು."

ಮೇಸ್ತ್ರಿಗೆ ಗೋಡೆಯ ಬಗ್ಗೆ ತಾನು ಮಾಡುತ್ತಿದ್ದ ತಮಾಷೆ ನೆನಪಾಯಿತು. ಅದನ್ನು ಎಷ್ಟು ಸಲ ಹೇಳಿದ್ದ, ಅವಳು ಎಷ್ಟು ಸಲ ನಕ್ಕಿದ್ದಳು! ನಗುತ್ತಲೇ ಗೋಡೆಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಈಗ, ಈ ಗಳಿಗೆಯಲ್ಲಿ, ಅವಳು ಬೇಕು ಅನ್ನಿಸಿತು. ಬಟ್ಟೆಯನ್ನು ಬಕೆಟ್ಟಿಗೆ ಹಾಕಿದ. ಅಂಗೈ ಗುರುತು ಇದ್ದ ಕಡೆ ಒರೆಸಲಿಲ್ಲ.

ನಾದಿನಿ ಡುಮ್ಮಿಯನ್ನು ಟವೆಲ್ಲಿನಲ್ಲಿ ಒಳಗೆ ತಂದು ಮಂಚದ ಬುಡಕ್ಕೆ ಬಿಟ್ಟು, ಊಟ ಬಡಿಸಿಟ್ಟು ಹೊರಟಳು. ಹೋಗುವಾಗ ಚೌಕಟ್ಟು ಹಿಡಿಯಲೆಂದು ಕೈ ಚಾಚಿದವಳು, ಬೇಡವೆಂದು ನೆನಪಾಗಿ ಹಾಗೇ ನಡೆದುಹೋದಳು.

ಮೇಸ್ತ್ರಿ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತ. ಊಟ ಮುಟ್ಟಲಿಲ್ಲ. ಒಳಕೋಣೆಯಲ್ಲಿ ಸದ್ದಾಯಿತು. ಡುಮ್ಮಿ ಒತ್ತಿ, ನಡುಗಿ, ಎದ್ದಿತ್ತು. ಅಭ್ಯಾಸಬಲದಿಂದ ಗೋಡೆಗೆ ಆತುಕೊಂಡು ಬಾಗಿಲವರೆಗೆ ಬಂತು. ಅಲ್ಲಿ ನಿಂತು ಒಂದು ಮುಂಗಾಲು ನಡುಮನೆಗೆ ಇಟ್ಟು ನೋಡಿತು. ಇನ್ನೊಂದು ಇಟ್ಟಿತು. ನೆಲ ಹಿಡಿದುಕೊಂಡಿತು. ಡುಮ್ಮಿ ಗೋಡೆ ಬಿಟ್ಟು, ಕುಂಟುತ್ತ, ಮಂಕಾದ ಕೆಂಪು ಹೂವಿನ ಮೇಲೆ ಹಾದು, ನಡುವಿನಿಂದಲೇ ಅವನ ಕಡೆಗೆ ಬಂತು.

ಮೇಸ್ತ್ರಿ ಅದನ್ನು ನೋಡಿದ. ಆಮೇಲೂ ಅದು ಬಂದ ಬಾಗಿಲಾಚೆ, ಅವಳ ಮಂಚದ ಕಡೆಗೇ ನೋಡುತ್ತ ಕೂತ.

"ಬಾರೇ" ಅಂದ, ಮೆಲ್ಲಗೆ. "ಗೋಡೆ ಬಿಟ್ಟು ಬಾ. ನಡುವೇ ಬಾ, ಈಗ ಜಾರಲ್ಲ."

ಡುಮ್ಮಿ ಆಗಲೇ ಬಂದು ಅವನ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು.